ಕಣ್ಣೀರು ಸಾಕು, ಪಾರ್ಟ್ಸ್ ಕೊಡಿ

ಹಳೇಡಬ್ಬಿ
ವರ್ಷದ ಕೊನೆ ಬಂತು, ಕಾರ್ ಕಂಪನಿಯವರ ಅಳಿಸೋ ಜಾಹೀರಾತುಗಳ ಸುಗ್ಗಿ ಶುರು. ಅಮೆರಿಕದ ಶೆವ್ರೊಲೆ ಕಂಪನಿಯವರು 2023ರ ಕ್ರಿಸ್ಮಸ್‌ಗೆ ಬಿಟ್ಟಿದ್ದನ್ನ ಮತ್ತೆ ಎಲ್ರೂ ಫಾರ್ವರ್ಡ್ ಮಾಡ್ತಿದಾರೆ. ನೋಡದೇ ಇರೋರಿಗೆ ಹೇಳ್ತೀನಿ, ಮರೆವಿನ ಕಾಯಿಲೆ ಇರೋ ಒಬ್ರು ಅಜ್ಜಿ, ಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿದಾರೆ ಆದ್ರೆ ಅಜ್ಜಿ ಎಲ್ಲೋ ಕಳೆದುಹೋದ ಹಾಗೆ ಕೂತಿರ್ತಾರೆ, ಮೊಮ್ಮಗಳು ಅವರನ್ನ 1972ರ ಸಬರ್ಬನ್ ಅನ್ನೋ, ಟ್ರಕ್ ಥರದ ದೊಡ್ಡ ಫ್ಯಾಮಿಲಿ ಗಾಡಿಲಿ ಕೂರಿಸ್ಕೊಂಡು, ಹಳೇ ಹಾಡು ಹಾಕಿ, ಅಜ್ಜಿಯ ಕಾಲದ ಜಾಗಗಳಿಗೆಲ್ಲ ಸುತ್ತಾಡಿಸ್ತಾಳೆ, ಅಜ್ಜಿಗೆ ಸ್ವಲ್ಪ ಸ್ವಲ್ಪವೇ ನೆನಪು ಬರೋಕೆ ಶುರುವಾಗತ್ತೆ. 2021ರಲ್ಲೂ ಇವರದ್ದೇ ಒಂದು ಬಂದಿತ್ತು, ಹೆಂಡ್ತಿ ತೀರಿಕೊಂಡ ಯಜಮಾನರು, ಧೂಳು ಹಿಡಿದು ನಿಂತಿರೋ 1966ರ ಇಂಪಾಲಾ, ಮಗಳು ಅವರಿಗೆ ಗೊತ್ತಾಗದ ಹಾಗೆ ರೆಡಿ ಮಾಡಿಸಿ ನಿಲ್ಲಿಸ್ತಾಳೆ. ಎರಡರಲ್ಲೂ ಮೈಲೇಜ್ ಮಾತಿಲ್ಲ, ಆಫರ್ ಮಾತಿಲ್ಲ, ಇಎಂಐ ಮಾತಿಲ್ಲ.

ನಾನೂ ಅತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅತ್ತು ಮುಗಿಸಿದ ಮೇಲೆ ಸಿಟ್ಟು ಬಂತು ಕಣ್ರೀ. ಐವತ್ತು ವರ್ಷ ಆ ಗಾಡಿನ ಒರೆಸಿ ಕಾಪಾಡಿದ್ದು ಒಂದು ಮನೆಯವರು, ಆ ಪ್ರೀತಿನ ತನ್ನ ಹೆಸರಿಗೆ ಬರ್ಕೊಳ್ಳೋದು ಕಂಪನಿ. ಇದೇ ಕಂಪನಿಗಳು ಮಿಕ್ಕ ಹನ್ನೊಂದು ತಿಂಗಳು ನಮಗೆ ಹೇಳೋದೇನು? ಹಳೇದನ್ನ ಎಕ್ಸ್‌ಚೇಂಜ್‌ಗೆ ತನ್ನಿ, ಹೊಸದು ತಗೊಂಡು ಹೋಗಿ ಅಂತ. ಇದು ನಿಮಗೆ ಯಾರಿಗೂ ವಿಚಿತ್ರ ಅನ್ಸಲ್ವಾ?

ಟ್ಯಾಗ್‌ಲೈನ್
ಜಾಹೀರಾತು ಕೆಲಸದಲ್ಲೇ ಇರೋಳು ನಾನು (ಕಾರ್ ಕಂಪನಿಗಲ್ಲ, ಬೈಬೇಡಿ). ವಿಚಿತ್ರ ಏನಿಲ್ಲ. ಕಾರನ್ನ ಜನ ವರ್ಷಾನುಗಟ್ಟಲೆಗೆ ಒಂದು ಸಲ ತಗೊಳ್ತಾರೆ. ಇವತ್ತು ಜಾಹೀರಾತು ನೋಡೋ ನೂರು ಜನದಲ್ಲಿ ಬಹುಪಾಲು ಈ ತಿಂಗಳು, ಮುಂದಿನ ತಿಂಗಳು ಕಾರ್ ಕೊಳ್ಳೋರಲ್ಲ. ಅವರಿಗೆ ಆಫರ್ ಹೇಳಿ ಏನು ಉಪಯೋಗ, ಅದಕ್ಕೇ ಮನಸ್ಸಲ್ಲಿ ಒಂದು ಹೆಸರು ಕೂತ್ಕೊಳ್ಳೋ ಹಾಗೆ ಮಾಡ್ತಾರೆ, ಮೂರು ವರ್ಷ ಆದ್ಮೇಲೆ ಶೋರೂಮ್ ಹುಡುಕೋವಾಗ ಆ ಹೆಸರು ತಾನಾಗೇ ನೆನಪಾಗ್ಲಿ ಅಂತ. ಲೆಸ್ ಬಿನೆಟ್, ಪೀಟರ್ ಫೀಲ್ಡ್ ಅಂತ ಇಬ್ರು ಬ್ರಿಟನ್ನಿನ ನೂರಾರು ಜಾಹೀರಾತು ಅಭಿಯಾನಗಳ ದಾಖಲೆ ಜಾಲಾಡಿ 2013ರಲ್ಲಿ ಹೇಳಿದ ಲೆಕ್ಕ ನಮ್ಮ ಆಫೀಸುಗಳಲ್ಲಿ ಈಗಲೂ ಮಂತ್ರದ ಥರ ಓಡತ್ತೆ, ದುಡ್ಡಿನ 60 ಭಾಗ ಹೆಸರು ಕಟ್ಟೋಕೆ, 40 ಭಾಗ ಈಗಲೇ ಮಾರೋಕೆ. ಅಳಿಸೋದು ಆ 60ರಲ್ಲಿ ಬರತ್ತೆ.

ಇನ್ನೊಂದು ಗಮನಿಸಿ. ಆ ಗಾಡಿ ಸುಮ್ನೆ ಆರಿಸಿದ್ದಲ್ಲ. ಸಬರ್ಬನ್ ಅನ್ನೋ ಹೆಸರು 1935ರಿಂದ ಇವತ್ತಿನವರೆಗೂ ಮಾರುಕಟ್ಟೆಲಿ ಇದೆ, ಅಷ್ಟು ಕಾಲ ಬಿಡದೆ ಬಂದಿರೋ ಕಾರ್ ಹೆಸರು ಬೇರೆ ಇಲ್ಲ. ಹಳೇದನ್ನ ತೋರಿಸಿದ್ರೂ ಮನಸ್ಸಲ್ಲಿ ಉಳಿಯೋ ಹೆಸರು ಶೋರೂಮಲ್ಲಿ ಇವತ್ತೂ ಸಿಗತ್ತೆ. ನೀವು ಸಿಟ್ಟು ಮಾಡ್ಕೊಂಡ್ರಿ, ಆದ್ರೆ ಇಲ್ಲಿ ಆ ಹೆಸರು ಬರೆದಿದ್ದು ನೀವೇ ಅಲ್ವಾ 🙂

ಲೆಕ್ಕಾಚಾರಿ
ಇದಕ್ಕಿಂತ ಲೆಕ್ಸಸ್‌ನವರ ಕೆಂಪು ರಿಬ್ಬನ್ ಜಾಹೀರಾತೇ ಪ್ರಾಮಾಣಿಕ ಅನ್ನೋದು ನನ್ನ ಅಭಿಪ್ರಾಯ. ಮನೆ ಮುಂದೆ ಹೊಸ ಕಾರು, ತಲೆ ಮೇಲೆ ದೊಡ್ಡ ರಿಬ್ಬನ್ ಗಂಟು, ಡಿಸೆಂಬರ್ ಆಫರ್, ಮುಗೀತು. 1990ರ ದಶಕದ ಕೊನೆಯಿಂದ ಅದನ್ನೇ ಮಾಡ್ತಿದಾರೆ, ಎಲ್ರೂ ಆಡ್ಕೊಂಡು ನಗ್ತಾರೆ, ಆದ್ರೆ ಕನಿಷ್ಠ ಏನು ಮಾರ್ತಿದೀವಿ ಅಂತ ಮುಚ್ಚಿಡಲ್ಲ.

ಮೂರನೇಗೇರ್
ಫೋಕ್ಸ್‌ವ್ಯಾಗನ್ 2019ರ ಡಿಸೆಂಬರ್ 31ರ ರಾತ್ರಿ ಅಮೆರಿಕದಲ್ಲಿ ಬಿಟ್ಟಿದ್ದು ಮರೆತ್ರಾ? ತಮ್ಮ ಬೀಟಲ್ (ಅಂದ್ರೆ ದುಂಬಿ) ಕಾರಿಗೆ ವಿದಾಯ ಹೇಳೋ ಕಾರ್ಟೂನು. ಹುಡುಗ ಬೆಳೀತಾನೆ, ಮದುವೆ, ಮಕ್ಕಳು, ಎಲ್ಲದಕ್ಕೂ ಆ ಕಾರು ಪಕ್ಕದಲ್ಲೇ ಇರತ್ತೆ, ಕೊನೆಗೆ ದುಂಬಿಯಾಗಿ ಹಾರಿ ಹೋಗತ್ತೆ. ಹಳೇ ಮಾದರಿಯ ಬೀಟಲ್ 2003ರಲ್ಲಿ ಮೆಕ್ಸಿಕೋದಲ್ಲಿ ನಿಂತಿತ್ತು, ಅಷ್ಟರಲ್ಲಿ 2 ಕೋಟಿ 15 ಲಕ್ಷಕ್ಕೂ ಜಾಸ್ತಿ ಆಚೆ ಬಂದಿದ್ವು, ಹೊಸ ರೂಪದ್ದು 2019ರ ಜುಲೈಯಲ್ಲಿ ನಿಂತಿತು. ನನಗೆ ಗಂಟಲು ಕಟ್ಟಿದ್ದು ಶೆವ್ರೊಲೆ ಅಜ್ಜಿಗಿಂತ ಇದಕ್ಕೇ.

ಟ್ಯಾಗ್‌ಲೈನ್
ಅದನ್ನ ಮಾಡಿದ ಹೊತ್ತು ನೋಡಿ. 2015ರಲ್ಲಿ ಡೀಸೆಲ್ ಹೊಗೆ ಪರೀಕ್ಷೆಲಿ ಮೋಸ ಮಾಡಿ ಸಿಕ್ಕಿಹಾಕ್ಕೊಂಡಿದ್ರು. ಆಮೇಲೆ ಎಲೆಕ್ಟ್ರಿಕ್ ಕಡೆ ಹೊರಳ್ತಿದ್ರು. ಜನರಿಗೆ ಆ ಕಂಪನಿಲಿ ಯಾವುದರ ಮೇಲೆ ಕೋಪ ಇರ್ಲಿಲ್ವೋ ಅದನ್ನೇ ಮುಂದೆ ತಂದ್ರು. ಜಾಣತನ, ಒಪ್ಲೇಬೇಕು.

ಲೆಕ್ಕಾಚಾರಿ
ಎಲ್ರೂ ಅಳೋದರ ಬಗ್ಗೆ ಮಾತಾಡ್ತಿದೀರ, ನಾನು ಸ್ವಲ್ಪ ನೀರು ಎರಚ್ತೀನಿ. ಅಜ್ಜಿ ಮೊಮ್ಮಗಳು ಕೂತಿರೋದು 1972ರ ಗಾಡಿಲಿ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡೋ ಎಬಿಎಸ್ ಇಲ್ಲ, ಗುದ್ದಿದ್ರೆ ಮುಂಭಾಗ ಮಡಚಿಕೊಂಡು ಒಳಗಿರೋರನ್ನ ಕಾಪಾಡೋ ಇವತ್ತಿನ ಥರದ ವಿನ್ಯಾಸ ಇಲ್ಲ. ಕಾರುಗಳ ಸುರಕ್ಷತೆ ಪರೀಕ್ಷಿಸೋ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2009ರಲ್ಲಿ ತನ್ನ 50ನೇ ವರ್ಷಕ್ಕೆ ಒಂದು ಪರೀಕ್ಷೆ ಮಾಡ್ತು, 1959ರ ಶೆವ್ರೊಲೆ ಬೆಲ್ ಏರ್ ಒಂದು ಕಡೆ, 2009ರ ಶೆವ್ರೊಲೆ ಮಾಲಿಬು ಇನ್ನೊಂದು ಕಡೆ, ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿದ್ರು. ಹಳೇ ಕಾರೆಲ್ಲ ಗಟ್ಟಿ ಕಬ್ಬಿಣ, ಈಗಿನವೆಲ್ಲ ತಗಡು ಅಂತ ಡೈಲಾಗ್ ಹೊಡಿಯೋರೆಲ್ಲ ಆ ವಿಡಿಯೋ ಒಂದ್ಸಲ ನೋಡ್ಬೇಕು. ಬೆಲ್ ಏರ್ ಒಳಗೆ ಡ್ರೈವರ್ ಕೂರೋ ಜಾಗವೇ ಕುಸಿದು ಹೋಯ್ತು, ಬದುಕೋ ಸಾಧ್ಯತೆ ಇರ್ಲಿಲ್ಲ. ಮಾಲಿಬುದಲ್ಲಿ ಇದ್ದಿದ್ರೆ ಕಾಲಿಗೆ ಪೆಟ್ಟು, ಅಷ್ಟೇ.

ಎರಡೂ ಒಂದೇ ಕಂಪನಿ ಕಾರು ಅನ್ನೋದು ಮಜಾ. ಅಂದ್ರೆ ಶೆವ್ರೊಲೆಯವರು ನಿಜ ಹೇಳೋದಾದ್ರೆ ಹಬ್ಬದ ಜಾಹೀರಾತಲ್ಲಿ ಅಜ್ಜಿನ ಹೊಸ ಗಾಡಿಲೇ ಕೂರಿಸ್ಬೇಕಿತ್ತು. ಆದ್ರೆ ಹಾಗೆ ಮಾಡಿದ್ರೆ ಯಾರು ಅಳ್ತಾರೆ?

ಗ್ರೀಸ್‌ಕೈ
ಸುರಕ್ಷತೆ ವಿಷಯ ಸರಿ ಸಾರ್, ಒಪ್ದೆ. ನನ್ನ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಇಂಥ ಜಾಹೀರಾತು, ಸಿನಿಮಾ, ಎಲ್ಲದರಲ್ಲೂ ಒಂದೇ ಸೀನು, ಹೊದಿಕೆ ಎಳೆದ್ರು, ಧೂಳು ಊದಿದ್ರು, ಕೀ ತಿರುಗಿಸಿದ್ರು, ಗಾಡಿ ಗುರ್ ಅಂತು. ಅದನ್ನ ನೋಡ್ಕೊಂಡು ಬಂದೋರು ಅಪ್ಪನ ಕಾರು ಅಂತ ವರ್ಷಗಟ್ಟಲೆ ನಿಲ್ಲಿಸಿದ್ದನ್ನ ಹಬ್ಬದ ದಿನ ಸ್ಟಾರ್ಟ್ ಹೊಡೆದು ಎಂಜಿನ್ ಕೈಗೆ ಕೊಡ್ತಾರೆ. ಆಮೇಲೆ ನಮ್ಮ ಹತ್ರ ಬಂದು ಕಣ್ಣೀರು.

ನಿಂತ ಗಾಡಿಲಿ ಏನೇನು ಕೆಡತ್ತೆ ಕೇಳಿ. ಪೆಟ್ರೋಲು ಕೆಲವೇ ತಿಂಗಳಲ್ಲಿ ಹಳಸಿ ಅಂಟಾಗಿ ಕಾರ್ಬ್ಯುರೇಟರಿನ (ಪೆಟ್ರೋಲು, ಗಾಳಿ ಬೆರೆಸೋ ಭಾಗ) ಸಣ್ಣ ತೂತುಗಳಲ್ಲಿ ಕೂತ್ಕೊಳತ್ತೆ. ಎಥನಾಲ್ ಸೇರಿರೋ ಪೆಟ್ರೋಲ್ ಆದ್ರೆ ನೀರೂ ಹೀರ್ಕೊಳತ್ತೆ, ಆ ಕಾಲದ ರಬ್ಬರ್ ಪೈಪುಗಳಿಗೂ ಆಗಲ್ಲ. ಬ್ಯಾಟರಿ ಖಾಲಿಯಾಗಿ ಬಿದ್ದಿದ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜೇ ಹಿಡಿಯಲ್ಲ. ಬ್ರೇಕ್ ಆಯಿಲ್ ಗಾಳಿಲಿರೋ ತೇವ ಎಳ್ಕೊಂಡು ಸಿಲಿಂಡರ್ ಒಳಗಡೆ ತುಕ್ಕು ಹಿಡಿಸತ್ತೆ, ಪೆಡಲ್ ಒತ್ತಿದ್ರೆ ಮೊದಲ ಸಲ ಹಿಡಿಯತ್ತೆ, ಎರಡನೇ ಸಲ ಸೀಲ್ ಹರಿದು ಪೆಡಲ್ ನೆಲಕ್ಕೆ ಹೋಗತ್ತೆ. ಟೈರ್ ಹೊಸದರ ಥರ ಮಿಂಚ್ತಿರತ್ತೆ, ಗ್ರಿಪ್ ಗುಂಡಿ ಎಲ್ಲ ಸವೆಯದೆ ಹಾಗೇ ಇರತ್ತೆ, ಆದ್ರೆ ಟೈರ್ ಪಕ್ಕದಲ್ಲಿ ಒತ್ತಿರೋ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ, 2312 ಅಂತಿದ್ರೆ 2012ರ 23ನೇ ವಾರ ಮಾಡಿದ್ದು ಅಂತ, ಎಸೀರಿ ಅದನ್ನ. ಇಲಿ ವೈರ್ ತಿಂದಿರೋದು ಬೇರೆ ಲೆಕ್ಕ.

ಹಾಗಾಗಿ ನಿಲ್ಲಿಸಿದ ಗಾಡಿನ ಎಬ್ಬಿಸೋದು ಒಂದು ಬೆಳಿಗ್ಗೆ ಕೆಲಸ ಅಲ್ಲ. 2021ರ ಜಾಹೀರಾತಲ್ಲಿ ಮಗಳು ಗಾಡಿನ ಗ್ಯಾರೇಜಿಗೆ ಹಾಕಿ ಮಾಡಿಸ್ತಾಳಲ್ಲ, ಅದಕ್ಕೆ ನನ್ನ ಕಡೆಯಿಂದ ಒಂದು ಸಲಾಂ, ಅದೊಂದು ನಿಜ ತೋರಿಸಿದಾರೆ.

ಮೂರನೇಗೇರ್
ಗ್ರೀಸ್‌ಕೈ ಅವರೇ, ಇದನ್ನ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸ್ಬೇಕು.

ಬಾಲ್ಕನಿಗಿಡ
ನಾನು ಇಲ್ಲಿ ಜಾಸ್ತಿ ಬರೆಯಲ್ಲ. ಅಮ್ಮನಿಗೆ ಇದೇ ಕಾಯಿಲೆ ಇದೆ, ನೋಡ್ಕೊಳ್ತಿರೋದು ನಾನು, ಅದಕ್ಕೇ ಎರಡು ಮಾತು. ಜಾಹೀರಾತಲ್ಲಿ ತೋರಿಸಿದ್ದು ಪೂರ್ತಿ ಸುಳ್ಳಲ್ಲ. ಹಳೇ ಫೋಟೋ, ಹಳೇ ಹಾಡು, ಕೈಲಿ ಹಿಡಿಯೋ ಹಳೇ ವಸ್ತು, ಇವನ್ನಿಟ್ಟು ನೆನಪು ಕೆದಕೋ ಪದ್ಧತಿ ನಿಜವಾಗ್ಲೂ ಇದೆ. ಆಲ್ಝೈಮರ್‌ನಲ್ಲಿ ನಿನ್ನೆ ಮೊನ್ನೆಯದು ಮೊದಲು ಹೋಗತ್ತೆ, ಚಿಕ್ಕ ವಯಸ್ಸಿಂದು ತುಂಬಾ ದಿನ ಉಳಿಯತ್ತೆ, ಹಾಡಂತೂ ಮಾತು ನಿಂತ್ರೂ ಉಳಿದಿರೋದುಂಟು. ಆದ್ರೆ 2018ರಲ್ಲಿ ಕಾಕ್ರೇನ್ ಅಂತ ವೈದ್ಯಕೀಯ ಅಧ್ಯಯನಗಳನ್ನ ಪರಿಶೀಲಿಸೋ ಸಂಸ್ಥೆಯವರು ಈ ಬಗ್ಗೆ ಆಗಿರೋ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ್ದು ಸಣ್ಣ ಪರಿಣಾಮ, ಅದೂ ಒಂದು ಕಡೆ ಇದ್ದಿದ್ದು ಇನ್ನೊಂದು ಕಡೆ ಇಲ್ಲ. ಮನಸ್ಸು ಸ್ವಲ್ಪ ಹಗುರಾಗಬಹುದು, ಮಾತು ಸ್ವಲ್ಪ ಸಲೀಸಾಗಬಹುದು. ಕಾಯಿಲೆ ಹಿಂದೆ ಹೋಗಲ್ಲ.

ಕಷ್ಟ ಏನಂದ್ರೆ, ಜಾಹೀರಾತು ನೋಡಿದ ನೆಂಟರು ಫೋನ್ ಮಾಡ್ತಾರೆ, ಅಮ್ಮನ್ನ ಒಂದ್ಸಲ ಹಳೇ ಜಾಗಕ್ಕೆಲ್ಲ ಕರ್ಕೊಂಡು ಹೋಗಿ ಬಾ, ಸರಿಹೋಗ್ತಾರೆ ಅಂತ. ಹಾಗಲ್ಲ ರೀ. ಗುರುತಿನ ಜಾಗ ಬದಲಾಗಿದ್ರೆ ಅವರು ಗಾಬರಿ ಆಗ್ತಾರೆ, ಓಡೋ ಕಾರಿನ ಬಾಗಿಲು ತೆಗೆಯೋಕೆ ಹೋಗ್ತಾರೆ, ಮನೆಗೆ ಬಂದ್ರೂ ಇದು ನಮ್ಮನೆ ಅಲ್ಲ ಅಂತಾರೆ. ಯಾರಾದ್ರೂ ಹೋಗೋದಾದ್ರೆ ಚೈಲ್ಡ್ ಲಾಕ್ ಹಾಕಿ, ಹಿಂದಿನ ಸೀಟಲ್ಲಿ ಅವರ ಪಕ್ಕ ಒಬ್ರು ಕೂತಿರಿ, ದೂರ ಹೋಗ್ಬೇಡಿ, ಬೆಳಕಿರುವಾಗಲೇ ವಾಪಸ್ ಬನ್ನಿ, ಸಂಜೆ ಆಗ್ತಾ ಗೊಂದಲ ಜಾಸ್ತಿ. ಹಾಡು ಹಾಕೋದಕ್ಕೆ ಕಾರೇ ಬೇಕು ಅಂತಿಲ್ಲ. ಕಾರು ಬೇಕಾಗಿದ್ದು ಶೆವ್ರೊಲೆಯವರಿಗೆ.

ಟ್ಯಾಗ್‌ಲೈನ್
ಬಾಲ್ಕನಿಗಿಡ, ನಿಮ್ಮ ಕೊನೆ ಸಾಲಿನ ಮುಂದೆ ನನ್ನ 60-40 ಎಲ್ಲ ಏನೂ ಅಲ್ಲ.

ಹಳೇಡಬ್ಬಿ
ಮೇಡಂ, ಅಮ್ಮನ್ನ ನೋಡ್ಕೊಳ್ಳೋ ಜೊತೆ ನೀವೂ ಸ್ವಲ್ಪ ಉಸಿರಾಡಿ. ನೆಂಟರಿಗೆ ಈ ಮಾತನ್ನೇ ಕಳಿಸಿಬಿಡಿ.

ಮೂರನೇಗೇರ್
ಹಳೇ ಗಾಡಿ ಮೇಲೆ ಯಾಕಿಷ್ಟು ಮಮಕಾರ ಅನ್ನೋದಕ್ಕೆ ಬರ್ತೀನಿ. ಜನ ಇದನ್ನ ಹುಚ್ಚು ಅಂತ ನಗ್ತಾರೆ, ಆದ್ರೆ ಇದಕ್ಕೆ ಕಾರಣ ಇದೆ. ಕಾನೆಮನ್, ನೆಚ್, ಥೇಲರ್ ಅಂತ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗ, ಅರ್ಧ ಜನಕ್ಕೆ ಒಂದೊಂದು ಕಾಫಿ ಮಗ್ ಕೊಟ್ರು, ಮಿಕ್ಕೋರಿಗೆ ಕೊಳ್ಳೋ ಅವಕಾಶ ಕೊಟ್ರು. ಮಗ್ ಕೈಗೆ ಬಂದೋರು ಮಾರೋಕೆ ಕೇಳಿದ ಬೆಲೆ, ಕೊಳ್ಳೋರು ಕೊಡ್ತೀನಿ ಅಂದಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಈ ಕಥೆ ಅಂದ್ರೆ ಇಪ್ಪತ್ತು ವರ್ಷ ಹೊತ್ತುಕೊಂಡು ಓಡಾಡಿದ ಕಾರಿಗೆ ಎಷ್ಟು? ಸೆಕೆಂಡ್‌ಹ್ಯಾಂಡ್ ಮಾರೋವಾಗ ಪ್ರತಿಯೊಬ್ಬ ಮಾಲೀಕನೂ ನನ್ನ ಗಾಡಿಗೆ ಇಷ್ಟೇನಾ ಅಂತ ಮುಖ ಊದಿಸೋದು ಇದಕ್ಕೇ.

ಇನ್ನು ವಾಸನೆ. ಕಣ್ಣು, ಕಿವಿಯ ಸುದ್ದಿ ಮೆದುಳಲ್ಲಿ ಥಲಾಮಸ್ ಅನ್ನೋ ಜಾಗ ಹಾದು ಹೋಗ್ಬೇಕು, ವಾಸನೆಗೆ ಆ ಸುತ್ತು ಬೇಕಿಲ್ಲ, ಭಾವನೆ ಮತ್ತೆ ನೆನಪಿನ ಭಾಗಗಳಿಗೆ ಹತ್ತಿರದ ದಾರಿ ಇದೆ. ಬಿಸಿಲಿಗೆ ಕಾದ ರೆಕ್ಸಿನ್, ಸ್ವಲ್ಪ ಪೆಟ್ರೋಲ್, ಅಪ್ಪನ ಹೇರ್ ಆಯಿಲ್, ಬಾಗಿಲು ತೆಗೆದ ತಕ್ಷಣ ಏಳು ವರ್ಷದ ಹುಡುಗ ಆಗಿಬಿಡ್ತೀವಿ. ಟಿವಿಲಿ ಇದನ್ನ ತೋರಿಸೋಕೆ ಆಗಲ್ಲ, ಪಾಪ, ಅದಕ್ಕೇ ಹಾಡು ಹಾಕ್ತಾರೆ.

ಲೆಕ್ಕಾಚಾರಿ
ಅಂದ್ರೆ ನೀವು ಹೇಳ್ತಿರೋದೂ ಅದೇ, ಪ್ರೀತಿ ಅಪ್ಪನ ಮೇಲೆ, ಕಾರಿನ ಮೇಲಲ್ಲ. ಹಾಗಿದ್ರೆ ಕಾರ್ ಕೊಟ್ಟುಬಿಡಿ, ಫೋಟೋ ಇಟ್ಕೊಳ್ಳಿ. ತಮಾಷೆ ಅಲ್ಲ, 2017ರಲ್ಲಿ ಒಂದು ಸಂಶೋಧನೆ ಬಂತು, ಭಾವನೆ ಅಂಟಿರೋ ವಸ್ತುಗಳ ಫೋಟೋ ತೆಗೆದಿಟ್ಕೊಳ್ಳಿ ಅಂತ ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ಜಾಸ್ತಿ ವಸ್ತು ದಾನ ಮಾಡಿದ್ರು. ನೆನಪು ಹೋಗಿಬಿಡತ್ತೆ ಅನ್ನೋ ಭಯವೇ ನಮ್ಮನ್ನ ಹಿಡಿದಿಟ್ಟಿರೋದು.

ಮೂರನೇಗೇರ್
ಎಲ್ಲಾ ಗಾಡಿಗೂ ಅದು ಹೊಂದಲ್ಲ ಸಾರ್. ಇರ್ವ್ ಗಾರ್ಡನ್ ಅಂತ ಅಮೆರಿಕದ ಒಬ್ರು ವಿಜ್ಞಾನ ಮೇಷ್ಟ್ರು, 1966ರಲ್ಲಿ ತಗೊಂಡ ವೋಲ್ವೋ ಪಿ1800ರಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ ಮುಗಿಸಿದ್ರು, ಅಂದ್ರೆ 48 ಲಕ್ಷ ಕಿಲೋಮೀಟರ್. 2018ರಲ್ಲಿ ತೀರಿಕೊಂಡ್ರು. ಅವರು ಗಾಡಿನ ಹೊದಿಕೆ ಹಾಕಿ ಪೂಜೆ ಮಾಡ್ಲಿಲ್ಲ, ಪುಸ್ತಕದಲ್ಲಿ ಹೇಳಿದ ಟೈಮಿಗೆ ಆಯಿಲ್ ಬದಲಿಸ್ತಾ ಓಡಿಸಿದ್ರು. ನನ್ನ ಪ್ರಕಾರ ಪ್ರೀತಿ ಅಂದ್ರೆ ಅದು. ಇನ್ನೊಂದು ಕಡೆ ಮೊಟ್ಟಮೊದಲ ಮಾರುತಿ 800 ನೋಡಿ, 1983ರ ಡಿಸೆಂಬರಲ್ಲಿ ಪ್ರಧಾನಿ ಕೈಯಿಂದ ಕೀ ಇಸ್ಕೊಂಡ ಮಾಲೀಕರು 2010ರಲ್ಲಿ ಸಾಯೋವರೆಗೂ ಮಾರ್ಲಿಲ್ಲ. ಅವರು ಹೋದ್ಮೇಲೆ ಅದು ಬಿಸಿಲು ಮಳೆಗೆ ಕೊಳೀತಾ ನಿಂತಿತ್ತು, ಆ ಫೋಟೋ ಎಲ್ರೂ ನೋಡಿರ್ತೀರ. ಆಮೇಲೆ ಕಂಪನಿಯವರೇ ಅದನ್ನ ರಿಪೇರಿ ಮಾಡಿ ತಮ್ಮ ಆಫೀಸಲ್ಲಿ ಇಟ್ಕೊಂಡ್ರು.

ಹಳೇಡಬ್ಬಿ
ಅಲ್ಲಿಗೇ ಬಂದೆ ನೋಡಿ. ಕಂಪನಿ ಮನಸ್ಸು ಮಾಡಿದ್ರೆ ಹಳೇ ಗಾಡಿ ಎದ್ದು ನಿಲ್ಲತ್ತೆ. ನನ್ನ ವಾದ ಸಿಂಪಲ್, ಹಳೇ ಕಾರ್ ತೋರಿಸಿ ಅಳಿಸ್ತೀರ ತಾನೇ, ಹಾಗಾದ್ರೆ ಹಳೇ ಕಾರಿಗೆ ಪಾರ್ಟ್ಸ್ ಕೊಡಿ. ಆಗಲ್ಲ ಅನ್ನಂಗಿಲ್ಲ, ಮಾಡ್ತಿರೋರು ಇದಾರೆ. ಮಜ್ದಾದವರು ಮೊದಲ ತಲೆಮಾರಿನ ಎಂಎಕ್ಸ್-5 ಸ್ಪೋರ್ಟ್ಸ್ ಕಾರಿಗೆ ಪಾರ್ಟ್ಸ್ ಮತ್ತೆ ತಯಾರು ಮಾಡೋಕೆ ಶುರು ಮಾಡಿದ್ರು, ನಿಸ್ಸಾನ್‌ನವರು 2017ರಿಂದ ಹಳೇ ಸ್ಕೈಲೈನ್ ಜಿಟಿ-ಆರ್‌ಗೆ ಕೊಡ್ತಿದಾರೆ, ಟೊಯೋಟಾ 2020ರಲ್ಲಿ ಹಳೇ ಸುಪ್ರಾಗೆ ಶುರು ಮಾಡ್ತು. ಬಾಗಿಲಂಚಿಗೆ ಹಾಕೋ ಒಂದು ಹಳೇ ರಬ್ಬರ್ ಬೀಡಿಂಗಿನ ಅಚ್ಚನ್ನ ಮತ್ತೆ ತೆಗೆದು ಒತ್ತಿಸೋದು ಐದು ನಿಮಿಷದ ಸಿನಿಮಾಗಿಂತ ದೊಡ್ಡ ಪ್ರೀತಿ ಅಂತೀನಿ ನಾನು.

ಟ್ಯಾಗ್‌ಲೈನ್
ಅದೂ ಜಾಹೀರಾತೇ ಹಳೇಡಬ್ಬಿ, ಸ್ವಲ್ಪ ನಿಧಾನ ಅಷ್ಟೇ. ಜಿಟಿ-ಆರ್, ಸುಪ್ರಾ ಎಲ್ಲ ಹುಡುಗರು ಗೋಡೆಗೆ ಪೋಸ್ಟರ್ ಅಂಟಿಸ್ಕೊಳ್ಳೋ ಕಾರುಗಳು. ಸಾಮಾನ್ಯರ ಮನೆಯ ಸಾದಾ ಹ್ಯಾಚ್‌ಬ್ಯಾಕಿಗೆ ಯಾರು ಅಚ್ಚು ಹುಡುಕ್ತಾರೆ?

ಗ್ರೀಸ್‌ಕೈ
ಮೇಡಂ ಸರಿಯಾಗಿ ಹಿಡಿದ್ರು. ಇನ್ನೂ ಒಂದು ಹೇಳ್ತೀನಿ, ಇದನ್ನ ಯಾರೂ ಯೋಚಿಸಲ್ಲ. ಆ 1972ರ ಸಬರ್ಬನ್‌ಗೆ ಪಾರ್ಟ್ಸ್ ಕಷ್ಟವೇ ಅಲ್ಲ. ಆ ಕಾಲದ ಅಮೆರಿಕನ್ ಟ್ರಕ್ಕುಗಳಿಗೆ ಹೊರಗಿನ ತಯಾರಕರು ಬಂಪರಿಂದ ಹಿಡಿದು ಸೀಟ್ ಬಟ್ಟೆವರೆಗೆ ಮಾಡ್ತಾರೆ, ಗಾಡಿ ಮಾತ್ರ ಕಂಪನಿದು, ಜೀವ ಉಳಿಸಿರೋದು ಹವ್ಯಾಸಿಗಳು. ಅದರಲ್ಲಿ ಇರೋದೇ ಕಬ್ಬಿಣ, ರಬ್ಬರು, ನಾಲ್ಕು ವೈರು. ತುಕ್ಕಾದ್ರೆ ಕತ್ತರಿಸಿ ಬೆಸುಗೆ ಹಾಕ್ಬಹುದು.

ಕಷ್ಟ ಇರೋದು 1990ರ ಈಚಿನ ಗಾಡಿಗಳಿಗೆ, ಅಂದ್ರೆ ಈಗ ಮೂವತ್ತು ನಲವತ್ತು ವಯಸ್ಸಿನೋರು ಅಪ್ಪನ ಕಾರು ಅಂತ ಅಳೋದು ಯಾವುದಕ್ಕೋ ಅದಕ್ಕೆ. ಇಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್, ಅದರ ಬೋರ್ಡಲ್ಲಿರೋ ಕೆಪಾಸಿಟರ್ ಅನ್ನೋ ಸಣ್ಣ ಬಿಡಿಭಾಗಗಳು ವಯಸ್ಸಾಗಿ ಸೋರಿ ಬೋರ್ಡನ್ನೇ ತಿಂದುಹಾಕ್ತವೆ. ಎಬಿಎಸ್ ಯುನಿಟ್ ಹೋದ್ರೆ ಹೊಸದಿಲ್ಲ, ಸ್ಟೀರಿಂಗ್ ಒಳಗೆ ಏರ್‌ಬ್ಯಾಗಿಗೆ ಕರೆಂಟ್ ಕೊಡೋ ಸುರುಳಿ ರಿಬ್ಬನ್ ಹೋದ್ರೆ ಹೊಸದಿಲ್ಲ, ಗುಜರಿಯಿಂದ ತಂದಿದ್ದಕ್ಕೂ ಅಷ್ಟೇ ವಯಸ್ಸಾಗಿರತ್ತೆ. ಮುಂದಿನದ್ದು ಇನ್ನೂ ಕಷ್ಟ. ಅಮೆರಿಕದಲ್ಲಿ 2022ರಲ್ಲಿ 3ಜಿ ಮೊಬೈಲ್ ನೆಟ್‌ವರ್ಕ್ ನಿಲ್ಲಿಸಿದ್ರಲ್ಲ, ಆಗ ಅದನ್ನೇ ನಂಬಿದ್ದ ಎಷ್ಟೋ ಚೆನ್ನಾಗಿ ಓಡ್ತಿದ್ದ ಕಾರುಗಳಲ್ಲಿ ತುರ್ತು ಕರೆ, ರಿಮೋಟ್ ಎಲ್ಲ ಸತ್ತುಹೋದ್ವು. ಬೆಸುಗೆ ಹಾಕಿ ಸರಿ ಮಾಡೋ ವಿಷಯ ಅಲ್ಲ ಅದು. 2070ರ ಹಬ್ಬಕ್ಕೆ ಯಾರೋ ಮೊಮ್ಮಗಳು ಇವತ್ತಿನ ಕಾರಲ್ಲಿ ಅಜ್ಜಿನ ಕರ್ಕೊಂಡು ಹೋಗ್ತೀನಿ ಅಂದ್ರೆ ಮೊದಲು ಸ್ಕ್ರೀನ್ ಆನ್ ಆಗ್ಬೇಕು.

ಲೆಕ್ಕಾಚಾರಿ
ಇದು ನನಗೂ ತಟ್ಟಿತು. ಯಾಕಂದ್ರೆ ಜನ ಕಾರು ಇಟ್ಕೊಳ್ತಿರೋದು ಜಾಸ್ತಿ ಆಗ್ತಿದೆ, ಕಡಿಮೆ ಅಲ್ಲ. ಅಮೆರಿಕದ ರಸ್ತೆಲಿರೋ ಕಾರುಗಳ ಸರಾಸರಿ ವಯಸ್ಸು 2024ರಲ್ಲಿ 12.6 ವರ್ಷ. ಅವರೆಲ್ಲ ಮಮಕಾರದಿಂದ ಇಟ್ಕೊಂಡಿಲ್ಲ, ಹೊಸದು ಕೈಗೆಟಕಲ್ಲ ಅಂತ ಇಟ್ಕೊಂಡೋರೂ ಬೇಕಾದಷ್ಟು. ಅವರಿಗೂ ಪಾರ್ಟ್ಸ್ ಬೇಕು. ಹಳೇಡಬ್ಬಿ ವಾದಕ್ಕೆ ನನ್ನ ವೋಟು, ಕಣ್ಣೀರಿನ ಕಾರಣಕ್ಕಲ್ಲ.

ಹಿಂದಿನಸೀಟು
ಎಲ್ಲ ಓದ್ದೆ. ನನ್ನ ಹತ್ರ ಅಪ್ಪನ ಕಾರಿದೆ, 90ರ ದಶಕದ್ದೇ, ಫ್ಯುಯೆಲ್ ಇಂಜೆಕ್ಷನ್, ಈಗಲೂ ಓಡತ್ತೆ, ವಾರಕ್ಕೊಮ್ಮೆ ಓಡಿಸ್ತೀನಿ. ಅಣ್ಣ ಕೊಟ್ಟುಬಿಡು ಅಂತಾನೆ. ನಾನು ಕೊಡಲ್ಲ, ಅದರ ಬಗ್ಗೆ ಸಲಹೆ ಬೇಡ 😄 ಗ್ರೀಸ್‌ಕೈ ಸಾರ್, ಕೆಡೋಕೆ ಮುಂಚೆ ಮಾಡ್ಬೇಕಾದ್ದು ಏನಾದ್ರೂ ಇದ್ರೆ ಹೇಳಿ.

ಗ್ರೀಸ್‌ಕೈ
ಓಡ್ತಾ ಇದೆಯಲ್ಲ, ಅರ್ಧ ಕೆಲಸ ಆದಂಗೆ. ಓಡಿಸೋವಾಗ ಎಂಜಿನ್ ಪೂರ್ತಿ ಬಿಸಿ ಆಗೋವರೆಗೂ ಓಡಿಸಮ್ಮ, ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ನಿಲ್ಲಿಸಿದ್ದಕ್ಕಿಂತ ಕೆಟ್ಟದ್ದು, ಸೈಲೆನ್ಸರ್ ಒಳಗೆ ನೀರು ನಿಂತು ತುಕ್ಕು ಹಿಡಿಯತ್ತೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸು, ಬ್ರೇಕಿನ ರಬ್ಬರ್ ಹೋಸ್‌ಗಳು ಮೂಲದ್ದೇ ಇದ್ರೆ ಇವತ್ತೇ ಬದಲಿಸು, ಇಂಜೆಕ್ಷನ್ ಗಾಡಿ ಅಂದೆಯಲ್ಲ, ಪೆಟ್ರೋಲ್ ಪೈಪಲ್ಲಿ ಪ್ರೆಷರ್ ಜಾಸ್ತಿ ಇರತ್ತೆ, ಅದಕ್ಕೆ ಸರಿಹೊಂದೋ ಪೈಪೇ ಹಾಕ್ಸು, ಕಾರ್ಬ್ಯುರೇಟರ್ ಗಾಡಿ ಪೈಪ್ ಬೇಡ. ಇಸಿಯು ಚೆನ್ನಾಗಿರುವಾಗಲೇ ಎಲೆಕ್ಟ್ರಾನಿಕ್ಸ್ ಬಲ್ಲೋರ ಹತ್ರ ಬಿಚ್ಚಿಸಿ ಕೆಪಾಸಿಟರ್ ಬದಲಿಸ್ಸು, ಸೋರಿದ ಮೇಲೆ ಕಷ್ಟ. ವಾಟರ್ ಪಂಪ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಬಾಗಿಲ ಬೀಡಿಂಗ್, ಇವು ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಈಗ ಬೇಕೋ ಬೇಡ್ವೋ ಯೋಚಿಸ್ದೆ ತಗೊಂಡಿಟ್ಕೋ. ಬೀಡಿಂಗನ್ನ ಬಿಸಿಲಿಗಿಡ್ಬೇಡ.

ಹಿಂದಿನಸೀಟು
ಹೋಸ್ ಮೂಲದ್ದೇ ಅನ್ಸತ್ತೆ ಸಾರ್, ಮೇಲೆ ಕಂಪನಿ ಹೆಸರು, ಒಂದು ನಂಬರ್ ಇದೆ, ಸವೆದು ಅರ್ಧ ಓದೋಕೆ ಆಗ್ತಿಲ್ಲ.

ಗ್ರೀಸ್‌ಕೈ
ನಂಬರ್ ಇಲ್ಲದಿದ್ರೂ ನಡೆಯತ್ತೆ. ಉದ್ದ ಅಳೆದು, ಎರಡೂ ತುದಿಯ ಫಿಟ್ಟಿಂಗ್ ಫೋಟೋ ಹಾಕು, ನೋಡಿ ಹೇಳ್ತೀನಿ.